ಗುರುಮುಖವಾಗಿ ಕಲಿಯಬೇಕಾದ ಆಟ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಸುಲಿಯದೆ, ಹೆಚ್ಚುಕಡಿಮೆ ಒಂದು ವರ್ಷಕಾಲ ಅಟ್ಟದ ಮೇಲಿರಿಸಿ ಉಂಡೆಕೊಬ್ಬರಿ ಮಾಡುವರು. ನೀರು ಬತ್ತಿ, ತಿರುಳು ಚಿಪ್ಪನ್ನು ಬಿಟ್ಟಾಗ ಕಾಯಿಯನ್ನು ಅಲುಗಿಸಿದರೆ ಒಳಗೆ ಸದ್ದಾಗುವುದು. ಆ ಸದ್ದಿನ ಮರ್ಮವನ್ನು ಮಗನು ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಕಸುಬಿಗೆ ಗುರು ಬೇಕೆಂದು ಒಪ್ಪುವ ನಾವು, ಆಟದ ಮಾತು ಬಂದರೆ ಮಾತ್ರ, ಆಡುತ್ತ ಆಡುತ್ತ ತಾನೇ ಬರುವುದೆಂದು ಸುಮ್ಮನಾಗುತ್ತೇವೆ.

ಪೂಲ್ ಆಟದಲ್ಲಿ ಈ ನಂಬಿಕೆ ನಿಲ್ಲದು. ಮೇಜಿಗೆ 6 ಪಾಕೆಟ್ಟುಗಳು. ಬಿಳಿಯ ಚೆಂಡಿನಿಂದ ತಳ್ಳಬೇಕಾದ ಚೆಂಡುಗಳು ಸಾಮಾನ್ಯವಾಗಿ 15. ಕೋಲು ಕೂದಲೆಳೆಯಷ್ಟು ವಾಲಿದರೂ ದೂರದ ಚೆಂಡು ಗುರಿ ತಪ್ಪುವುದು. ಹೊಡೆಯುವವನ ಕಣ್ಣು ಚೆಂಡಿನ ಮೇಲಿರುವುದರಿಂದ ತನ್ನ ಮೊಣಕೈ ಪಕ್ಕಕ್ಕೆ ಸರಿದುದು, ತಲೆ ಬೇಗನೆ ಮೇಲೆದ್ದುದು ಅವನಿಗೆ ಕಾಣಿಸದು. ಪಕ್ಕದಲ್ಲಿ ನಿಂತ ಗುರುವಿಗೆ ಕಾಣುವುದು. ಗುರುವಿಲ್ಲದ ಅಭ್ಯಾಸವು ದೋಷವನ್ನು ತಿದ್ದುವುದಿಲ್ಲ, ಅದನ್ನು ಗಟ್ಟಿಮಾಡುವುದು. ಹಲವು ವರ್ಷಗಳ ಸಂಜೆಗಳನ್ನು ಈ ಆಟಕ್ಕೆ ತೆತ್ತ ತರುಣನು ಕೊನೆಗೆ ತನ್ನ ತಪ್ಪಿನಲ್ಲಿಯೇ ಪಳಗಿರುವುದುಂಟು.

ಪೂಲಿನ ಹತ್ತಿರದ ಬಂಧುಗಳಾದ ಸ್ನೂಕರ್ ಮತ್ತು ಬಿಲಿಯರ್ಡ್ಸ್ ಆಟಗಳಲ್ಲಿ ನಮ್ಮ ನಾಡಿನದೇ ನಿದರ್ಶನವೊಂದಿದೆ. 1985ರಲ್ಲಿ ಪುಣೆಯಲ್ಲಿ ಹುಟ್ಟಿದ ಪಂಕಜ್ ಅಡ್ವಾಣಿಯವರು ಬೆಂಗಳೂರಿನಲ್ಲಿ, ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಆಗಿದ್ದ ಅರವಿಂದ ಸವೂರರ ಬಳಿ ಪಾಠ ಕಲಿತರು. 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪಟ್ಟವು ಅವರಿಗೆ ದೊರೆಯಿತು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ಎರಡೂ ಬಗೆಯ ವಿಶ್ವಪಟ್ಟಗಳು ಬಂದವು. ಅಷ್ಟಕ್ಕೆ ತೃಪ್ತರಾಗಿ ಕುಳಿತುಕೊಳ್ಳಬಹುದಾಗಿತ್ತು. ಅವರಾದರೋ 2012ರಲ್ಲಿ ವೃತ್ತಿಪರ ಸ್ನೂಕರಿನ ಕಣವನ್ನು ಹೊಸಬರಂತೆ ಹೊಕ್ಕು, ತಮಗಿಂತ ನುರಿತವರೆದುರು ಸೋಲುತ್ತಲೂ ಗೆಲ್ಲುತ್ತಲೂ ಆಡಿದರು. 2014ರಲ್ಲಿ ಅದನ್ನು ಬಿಟ್ಟು ಬಂದು, ಅದೇ ವರ್ಷ ಲೀಡ್ಸ್ ನಗರದಲ್ಲಿ ಬಿಲಿಯರ್ಡ್ಸಿನ ಎರಡೂ ವಿಶ್ವಪಟ್ಟಗಳನ್ನು ಮತ್ತೆ ಪಡೆದರು. ಪಟ್ಟ ಕೈಸೇರಿದವನೂ ವಿದ್ಯಾರ್ಥಿಯಾಗಿಯೇ ಉಳಿಯಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಲಿಕೆ ಮುಗಿಯದಿರುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಮೇಜಿನ ಬಟ್ಟೆ ಸವೆಯುವುದು. ಮಳೆಗಾಲದ ತೇವದಲ್ಲಿ ಚೆಂಡಿನ ಓಟ ಮಂದವಾಗುವುದು. ವಯಸ್ಸಾದಂತೆ ಕಣ್ಣೂ ಬೆನ್ನೂ ಬದಲಾಗುವುವು. ನಿನ್ನೆಯ ನಿಲುವು ಇಂದಿಗೆ ಸಾಲದು.

ಆದುದರಿಂದ ಈ ಆಟದಲ್ಲಿ ಆಸಕ್ತಿಯುಳ್ಳ ಮಹನೀಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಬೆಲೆಬಾಳುವ ಕೋಲನ್ನು ಕೊಳ್ಳುವ ಮೊದಲು ಬಲ್ಲವರೊಬ್ಬರಿಗೆ ನಿಮ್ಮ ನಿಲುವನ್ನು ತೋರಿಸಿರಿ. ಅವರು ಹೇಳಿದ ಒಂದು ದೋಷವನ್ನು ಹಿಡಿದು, ಅದು ನೀಗುವವರೆಗೂ ನೇರವಾದ ಒಂದೇ ಹೊಡೆತವನ್ನು ಅಭ್ಯಾಸಮಾಡಿರಿ. ಅನಂತರ ಮತ್ತೆ ಅವರ ಬಳಿಗೆ ಹೋಗಿರಿ. ತಿದ್ದಬೇಕಾದ ಇನ್ನೊಂದು ದೋಷ ಅಲ್ಲಿ ಕಾಣದೆ ಇರದು.