ಕರಗಿಹೋಗುವ ರಕ್ತನಾಳ
(ಬೋಪಾಲಿನ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣ)



ಸೂರತ್ತಿನ ಪಾಲಿಯೆಸ್ಟರ್ ಸೀರೆ ನಮ್ಮೆಲ್ಲರ ಮನೆಗಳಲ್ಲಿಯೂ ಉಂಟು. ಅದೇ ಜಾತಿಯ ಡೇಕ್ರಾನ್ ಬಟ್ಟೆಯಿಂದ ಅಮೆರಿಕದ ಶಸ್ತ್ರವೈದ್ಯ ಡಿಬೇಕಿಯವರು 1950ರ ದಶಕದಲ್ಲಿ ರಕ್ತನಾಳವನ್ನೇ ಹೊಲಿದರು. ಅದೂ ಮನೆಯ ಹೊಲಿಗೆ ಯಂತ್ರದಲ್ಲಿ! ಕೆಟ್ಟುಹೋದ ಮಹಾಧಮನಿಗೆ ಬದಲಾಗಿ ಅಂಥ ಕೊಳವೆ ಇಂದಿಗೂ ಬಳಕೆಯಲ್ಲಿದೆ.

ಆದರೆ ಅದಕ್ಕೆ ಎರಡು ಕೊರತೆಗಳುಂಟು. 6 ಮಿಲಿಮೀಟರಿಗಿಂತ ಸಣ್ಣದಾದರೆ ಅದರೊಳಗೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಆದ್ದರಿಂದಲೇ ಹೃದಯದ ಬೈಪಾಸಿಗೆ ರೋಗಿಯ ಕಾಲಿನಿಂದಲೋ ಎದೆಯಿಂದಲೋ ನಾಳ ತೆಗೆಯುವುದು. ಎರಡನೆಯದಾಗಿ, ಬಟ್ಟೆ ಬೆಳೆಯದು. ಮಗು ಬೆಳೆದಂತೆ ಕೊಳವೆ ಸಾಲದಾಗಿ, ಮತ್ತೆ ಎದೆ ತೆರೆಯಬೇಕಾದೀತು. ಹೆತ್ತವರಿಗೆ ಇದೆಂಥ ಸಂಕಟ!

ಇದಕ್ಕೆ ಪರಿಹಾರವಾಗಿ ವಿಜ್ಞಾನಿಗಳು ಕರಗುವ ಕೊಳವೆಯನ್ನು ಮಾಡಿದರು. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಕರಗುವ ಹೊಲಿಗೆದಾರದ ಜಾತಿಯ ವಸ್ತುವೇ ಇದಕ್ಕೂ. ಕಮಾನು ಕಟ್ಟುವವನು ಮರದ ಆಸರೆ ಕೊಟ್ಟು, ಕಲ್ಲು ನೆಲೆನಿಂತ ಮೇಲೆ ಅದನ್ನು ತೆಗೆಯುವುದಿಲ್ಲವೆ? ಹಾಗೆಯೇ ಕೊಳವೆಯ ಸೂಕ್ಷ್ಮರಂಧ್ರಗಳಲ್ಲಿ ದೇಹದ ಜೀವಕೋಶಗಳು ನೆಲಸಿ ಸ್ವಂತ ಗೋಡೆ ಕಟ್ಟುತ್ತವೆ. ಆಸರೆ ಮೆಲ್ಲಮೆಲ್ಲನೆ ಕರಗುತ್ತದೆ. ಗೋಡೆ ಬಲಿಯುವ ಮೊದಲೇ ಕರಗಿದರೆ ನಾಳ ಉಬ್ಬಿ ಒಡೆದೀತು, ಕಷ್ಟವಿರುವುದು ಅಲ್ಲಿಯೇ.

ಜಪಾನಿನ ಡಾ. ಶಿನೋಕ ಅವರು 1999ರಲ್ಲಿ 4 ವರ್ಷದ ಬಾಲಕಿಯೊಬ್ಬಳಿಗೆ ಇಂಥ ನಾಳವನ್ನು ಜೋಡಿಸಿದರು. ಮುಂದೆ ಅಮೆರಿಕದಲ್ಲಿ ಪರೀಕ್ಷಿಸಿದಾಗ ಕೆಲವು ಮಕ್ಕಳಲ್ಲಿ ಅದು ಕಿರಿದಾದುದು ಕಂಡುಬಂದಿತು. ಎಂದರೆ, ಇದಿನ್ನೂ ಎಲ್ಲರಿಗೂ ದೊರೆಯುವ ಚಿಕಿತ್ಸೆಯಾಗಿಲ್ಲ. ಯಾರಾದರೂ ಹಾಗೆಂದು ಹೇಳಿದರೆ ಹಣ ಕಟ್ಟುವ ಮುನ್ನ ನಾಲ್ಕು ಜನ ತಜ್ಞರನ್ನು ಕೇಳಿರಿ.

ಬ್ಯಾಂಕಿನ ಗುಮಾಸ್ತನಾದ ನಾನು ಹೇಳಬಹುದಾದುದು ಇಷ್ಟೆ: ಹುಟ್ಟಿನಿಂದ ಬಂದ ನಾಳಗಳೇ ನಮ್ಮ ಮೂಲಧನ. ತಂಬಾಕು ಬಿಟ್ಟು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳ ಮೇಲೆ ಕಣ್ಣಿಟ್ಟು, ಅದನ್ನು ಕಾಪಾಡಿಕೊಳ್ಳೋಣ.