ಭಾವನ ಗಾಯ ಸ್ಕ್ಯಾನ್‌ನಲ್ಲಿ ಕಾಣಲಿಲ್ಲ, ಅಕ್ಕನಿಗೆ ಕಂಡಿತು

ಇಲ್ಲಿ ಕೂತಿರೋರಲ್ಲಿ ಬಹಳ ಜನ ನನ್ನ ಹಾಗೇ, ಊರು ಒಂದು ಕಡೆ, ಲ್ಯಾಪ್‌ಟಾಪ್ ಇನ್ನೊಂದು ಕಡೆ. ನಾನು ಬೈಲಹೊಂಗಲದ ಹತ್ತಿರದ ಹಳ್ಳಿಯವನು. ಹನ್ನೊಂದು ವರ್ಷದಿಂದ ಬೊರಿವಲಿಯಲ್ಲಿದ್ದೇನೆ, ಕೆಲಸ ಮಾಲಾಡ್‌ನ ಮೈಂಡ್‌ಸ್ಪೇಸ್‌ನಲ್ಲಿ. ಇವತ್ತು ಕೆಲಸದ ವಿಷಯ ಮಾತಾಡಲ್ಲ. ನನ್ನ ಭಾವನ ತಲೆಗೆ ಬಿದ್ದ ಪೆಟ್ಟು, ಅದರಿಂದ ನನ್ನ ಅಕ್ಕನಿಗೆ ಆದದ್ದು, ಇಷ್ಟೇ ವಿಷಯ. ಅಕ್ಕನನ್ನ ಕೇಳಿಯೇ ಬಂದಿದ್ದೇನೆ. "ಹೆಸರ ಹೇಳಬ್ಯಾಡ, ಉಳಿದದ್ದೆಲ್ಲಾ ಹೇಳು" ಅಂದಿದ್ದಾಳೆ.

ಭಾವ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದರು. ಬೆಳಗಾವಿ ಕಡೆಯವರಿಗೆ ಇದನ್ನ ವಿವರಿಸಬೇಕಿಲ್ಲ. ರೆಜಿಮೆಂಟಲ್ ಸೆಂಟರ್ ನಮ್ಮ ಜಿಲ್ಲೆಯಲ್ಲೇ ಇದೆ. ನಸುಕಿನ ನಾಲ್ಕಕ್ಕೆ ಎದ್ದು ಡಾಂಬರು ರಸ್ತೆಯಲ್ಲಿ ಓಡೋ ಹುಡುಗರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಒಬ್ಬರು ಭಾವ. ಮನೆಯಲ್ಲಿ ಕನ್ನಡ, ಪಲ್ಟನ್‌ನಲ್ಲಿ ಮರಾಠಿ, ಕಾಗದದಲ್ಲಿ ಹಿಂದಿ. 2017ರಲ್ಲಿ ಕಾಶ್ಮೀರದಲ್ಲಿ ಡ್ಯೂಟಿ ಮೇಲಿದ್ದಾಗ ಅವರಿದ್ದ ಗಾಡಿ ಕಂದಕಕ್ಕೆ ಉರುಳಿತು. ಹನ್ನೊಂದು ದಿನ ಪ್ರಜ್ಞೆ ಇರಲಿಲ್ಲ.

ಆಗ ನಾನು ಒಂದು ಹೊಸ ಪದ ಕಲಿತೆ: ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಗ್ಲಾಸ್ಗೋದ ಇಬ್ಬರು ಡಾಕ್ಟರು, ಟೀಸ್‌ಡೇಲ್ ಮತ್ತು ಜೆನೆಟ್, ಮಾಡಿದ ಲೆಕ್ಕ ಅದು. ಕಣ್ಣು ತೆರೀತಾರಾ, ಮಾತಾಡ್ತಾರಾ, ಕೈಕಾಲು ಆಡಿಸ್ತಾರಾ ಅಂತ ನೋಡಿ ಅಂಕ ಕೊಡೋದು. ಕನಿಷ್ಠ 3, ಗರಿಷ್ಠ 15. ಭಾವನಿಗೆ ಮೊದಲ ದಿನ 6. ಇಂಜಿನಿಯರ್ ಬುದ್ಧಿ ನೋಡಿ, ನಾನು ದಿನಾ ಫೋನ್ ಮಾಡಿ ಸ್ಕೋರ್ ಕೇಳ್ತಿದ್ದೆ, ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ. ಒಂದು ದಿನ 15 ಅಂದರು. ನಾನು ಆಫೀಸಿನಲ್ಲಿ ಎಲ್ಲರಿಗೂ ಪೇಢಾ ಹಂಚಿದೆ. 15 ಅಂದರೆ ಫುಲ್ ಮಾರ್ಕ್ಸ್ ಅಲ್ಲವಾ?

ಅಲ್ಲ. ಆ 15 ಹೇಳೋದು ಮನುಷ್ಯ ಎಚ್ಚರವಾಗಿದ್ದಾನೆ ಅಂತ ಮಾತ್ರ. ಎಚ್ಚರಾದವನು ಯಾರು ಅನ್ನೋದಕ್ಕೆ ಆ ಸ್ಕೇಲ್‌ನಲ್ಲಿ ಕಾಲಂ ಇಲ್ಲ.

ಡಿಸ್ಚಾರ್ಜ್ ಹೊತ್ತಿಗೆ ಮಾಡಿದ ಸ್ಕ್ಯಾನ್ ಹೆಚ್ಚುಕಡಿಮೆ ನಾರ್ಮಲ್ ಬಂತು. ಆಮೇಲೆ ತಿಳಿದದ್ದು: ತಲೆ ಜೋರಾಗಿ ತಿರುಚಿಕೊಂಡಾಗ ಮೆದುಳಿನೊಳಗಿನ ಸಣ್ಣ ನರತಂತುಗಳು ಅಲ್ಲಲ್ಲಿ ಹರಿದಿರುತ್ತವೆ, ಸಿ.ಟಿ.ಯಲ್ಲಿ ಅದು ಬಹಳ ಸಲ ಕಾಣೋದೇ ಇಲ್ಲ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ಕೈಕಾಲು ಗಟ್ಟಿಯಾಗೇ ಇರುತ್ತವೆ, ಆದರೆ ಸಿಟ್ಟಿಗೆ ಬ್ರೇಕ್ ಇರಲ್ಲ, ಕೆಲಸ ಶುರು ಮಾಡೋ ಮನಸ್ಸಿರಲ್ಲ. ಎಲ್ಲಕ್ಕಿಂತ ಕಷ್ಟದ್ದು, ತನಗೇನೋ ಆಗಿದೆ ಅನ್ನೋ ಅರಿವೇ ಇರಲ್ಲ. ಭಾವ ಇವತ್ತಿಗೂ "ನನಗೇನಾಗೇತಿ? ನಿಮಗ ಆಗೇತಿ" ಅಂತಾರೆ.

ಸೇನೆಯಿಂದ ಮೆಡಿಕಲ್ ಬೋರ್ಡ್ ಮೇಲೆ ಬಿಡುಗಡೆಯಾಗಿ ಊರಿಗೆ ಬಂದರು. ಹಾರ ಹಾಕಿದರು, ಶಾಲೆಯಲ್ಲಿ ಸನ್ಮಾನ ಆಯಿತು. ಆಮೇಲೆ ಅಕ್ಕನ ಫೋನ್ ಬರೋಕೆ ಶುರುವಾಯಿತು. ತಾಟು ಎಸೆದರು. ಸಂತೆಯಲ್ಲಿ ಜಗಳ ತೆಗೆದರು. ಮಗಳ ಶಾಲೆಯ ಫೀ ಕೊಡೋಕೆ ಹೋಗಿ ದುಡ್ಡು ಯಾರಿಗೋ ಕೊಟ್ಟು ಬಂದರು. ನಾನು ಏನಂದೆ ಗೊತ್ತಾ? ಮೀಟಿಂಗ್ ಮಧ್ಯೆ ಫೋನ್ ಮ್ಯೂಟ್‌ನಿಂದ ತೆಗೆದು, "ಅಕ್ಕಾ, ಮಿಲಿಟರಿ ಮನುಷ್ಯಾ, ಸ್ವಲ್ಪ ಸಿಟ್ಟು ಇರತೈತಿ. ಅಡ್ಜಸ್ಟ್ ಮಾಡ್ಕೋ" ಅಂದೆ. ಒಂದು ಸಲ ಅಲ್ಲ, ಮೂರು ವರ್ಷ ಹೇಳಿದೆ. ತಿಂಗಳಿಗೆ ಐದು ಸಾವಿರ ಗೂಗಲ್ ಪೇ ಮಾಡಿ ನನ್ನ ಪಾಲಿನದು ಮುಗಿಯಿತು ಅಂದುಕೊಂಡೆ.

2021ರಲ್ಲಿ ಅವರು ಬೊರಿವಲಿಗೆ ಬಂದರು, ಚಿಕಿತ್ಸೆಗೆ ಅಂತ ಒಂದು ತಿಂಗಳಿಗೆ. ಪೂರ್ವ ಬೊರಿವಲಿಯಲ್ಲಿ ನನ್ನದು ಒಂದು ಬಿ.ಎಚ್.ಕೆ. ಅಂಥ ಮನೆಯಲ್ಲಿ ಏನನ್ನೂ ಮುಚ್ಚಿಡೋಕಾಗಲ್ಲ. ರಾತ್ರಿ ಮೂರಕ್ಕೆ ಭಾವ ಬೂಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿರುತ್ತಿದ್ದರು. ಅಕ್ಕ ಸೆರಗಿನ ತುದಿಯನ್ನ ಚಿಲಕಕ್ಕೆ ಕಟ್ಟಿ ಬಾಗಿಲಿಗಡ್ಡ ಮಲಗ್ತಿದ್ದಳು, ಬಾಗಿಲು ಅಲ್ಲಾಡಿದರೆ ಎಚ್ಚರ ಆಗಲಿ ಅಂತ. ಹದಿನೈದು ದಿನದಲ್ಲಿ ನನಗೆ ಸಾಕಾಗಿ ಹೋಯಿತು. ಅವಳು ನಾಲ್ಕು ವರ್ಷ ಹಾಗೇ ಮಲಗಿದ್ದಳು.

ಒಂದು ದಿನ ಅಡುಗೆಮನೆಯಲ್ಲಿ ರೊಟ್ಟಿ ಬಡೀತಾ, ತಿರುಗದೇ ಅಂದಳು: "ಅವ್ರು ಮನಿಗೆ ಬಂದಾರ ತಮ್ಮಾ, ಆದ್ರ ಅವ್ರು ಬಂದಿಲ್ಲ. ಅಳಬೇಕಂದ್ರ ಮಂದಿ ಏನಂತಾರ, ಎದುರಿಗೇ ಕುಂತಾರಲ್ಲ."

ಪಾಲಿನ್ ಬಾಸ್ ಅಂತ ಅಮೆರಿಕದ ಒಬ್ಬ ಸಂಶೋಧಕಿ ಇದಕ್ಕೆ ಆಂಬಿಗ್ಯುಅಸ್ ಲಾಸ್ ಅಂತ ಹೆಸರಿಟ್ಟಿದ್ದಾರೆ. ಇತ್ಯರ್ಥವಾಗದ ನಷ್ಟ ಅನ್ನಬಹುದೇನೋ. 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಹೆಂಡತಿಯರ ಜೊತೆ ಮಾತಾಡ್ತಾ ಅವರಿಗೆ ಹೊಳೆದದ್ದು. ಸತ್ತ ಅನ್ನೋಕೆ ದೇಹ ಇಲ್ಲ, ಬದುಕಿದ್ದಾನೆ ಅನ್ನೋಕೆ ಮನುಷ್ಯ ಇಲ್ಲ. ಆಮೇಲೆ ಇದರ ಇನ್ನೊಂದು ರೂಪ ಹೇಳಿದರು: ದೇಹ ಎದುರಿಗಿದೆ, ಮನುಷ್ಯ ಇಲ್ಲ. ಆ ಪುಸ್ತಕ ನಾನು ಲೋಕಲ್ ಟ್ರೇನಿನಲ್ಲಿ ನಿಂತು ಓದಿದೆ. ಅಕ್ಕ ರೊಟ್ಟಿ ಬಡೀತಾ ಒಂದು ಸಾಲಿನಲ್ಲಿ ಹೇಳಿದ್ದಳು.

ಸ್ವಲ್ಪ ಕಾಗದಪತ್ರದ ವಿಷಯ ಹೇಳ್ತೀನಿ, ನಿಮ್ಮಲ್ಲಿ ಯಾರಿಗಾದರೂ ಬೇಕಾಗುತ್ತೆ. ಭಾವನ ಅಂಗವೈಕಲ್ಯ ಶೇ 60 ಅಂತ ಬರೆದರು. ಹೀಗೆ ಬಿಡುಗಡೆಯಾದವರಿಗೆ 50ರಿಂದ 75ರ ನಡುವೆ ಇದ್ದರೆ 75 ಅಂತ ಲೆಕ್ಕ ಹಿಡಿದು ಪೆನ್ಷನ್ ಕೊಡ್ತಾರೆ, ಅದು ಒಳ್ಳೆಯ ನಿಯಮ. ಆದರೆ ನೋಡಿಕೊಳ್ಳುವವರಿಗಾಗಿ ಇರೋ ಕಾನ್‌ಸ್ಟಂಟ್ ಅಟೆಂಡನ್ಸ್ ಅಲೋವೆನ್ಸ್ ಸಿಗೋದು ಶೇ 100 ಇದ್ದವರಿಗೆ, ಅದೂ ಬೋರ್ಡ್ ಶಿಫಾರಸು ಮಾಡಿದರೆ. ಎರಡು ಕಾಲ ಮೇಲೆ ನಡೆಯೋ ಮನುಷ್ಯನಿಗೆ ಇಡೀ ದಿನ ಒಬ್ಬರು ಬೇಕು ಅಂತ ಯಾವ ಫಾರ್ಮ್‌ನಲ್ಲಿ ತುಂಬೋದು?

ಕಾಲು ಕಳೆದುಕೊಂಡ ಸೈನಿಕನನ್ನ ನಮ್ಮ ದೇಶ ಬೇಗ ಗುರುತಿಸಿತು. ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಕಸುಬು ಕಲಿಸೋಕೆ 1917ರಲ್ಲಿ ಇದೇ ಮುಂಬೈಯಲ್ಲಿ ಲೇಡಿ ವಿಲಿಂಗ್ಡನ್ ಶುರು ಮಾಡಿದ ಕ್ವೀನ್ ಮೇರೀಸ್ ಶಾಲೆ ಈಗಲೂ ಪುಣೆಯ ಖಡಕಿಯಲ್ಲಿದೆ. ಬೆನ್ನುಹುರಿ ಮುರಿದವರಿಗೂ ಖಡಕಿಯಲ್ಲಿ ಕೇಂದ್ರ ಇದೆ. ಸುದ್ದಿಯಾದ ಗಾಯಗಳೂ ಇವೆ. ಲೆಫ್ಟಿನೆಂಟ್ ಕರ್ನಲ್ ಕರಣ್‌ಬೀರ್ ಸಿಂಗ್ ನಟ್ 2015ರ ನವೆಂಬರ್‌ನಲ್ಲಿ ಕುಪ್ವಾರಾದಲ್ಲಿ ಗುಂಡೇಟು ತಿಂದು, ಎಂಟು ವರ್ಷ ಕೋಮಾದಲ್ಲಿದ್ದು 2023ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಪೇಪರುಗಳೆಲ್ಲ ಬರೆದವು. ಆ ಎಂಟು ವರ್ಷ ಅವರ ಮನೆಯವರು ಹೇಗೆ ಕಳೆದರು ಅನ್ನೋದು ಒಂದು ಪ್ಯಾರಾದಲ್ಲಿ ಬಂತು. ನಮ್ಮ ಭಾವನಂಥವರು, ನಡೀತಾರೆ, ಮಾತಾಡ್ತಾರೆ, ಆದರೆ ಬೇರೆಯಾಗಿದ್ದಾರೆ. ಅವರು ಸುದ್ದಿಯಲ್ಲೂ ಇಲ್ಲ, ವ್ಹೀಲ್‌ಚೇರ್‌ನಲ್ಲೂ ಇಲ್ಲ.

ಕೊಲಾಬಾದ ಅಶ್ವಿನಿ ನೌಕಾ ಆಸ್ಪತ್ರೆಗೆ ಹೋಗೋಕೆ ನಾವು ಬೊರಿವಲಿಯಿಂದ ಚರ್ಚ್‌ಗೇಟ್ ಫಾಸ್ಟ್ ಹಿಡೀತಿದ್ದೆವು, ಅಂಗವಿಕಲರ ಡಬ್ಬಿಯಲ್ಲಿ. ಮೊದಲ ದಿನವೇ ಒಬ್ಬರು ಭಾವನನ್ನ ಮೇಲಿಂದ ಕೆಳಗೆ ನೋಡಿ, "ತುಮ್ಹೆ ಕ್ಯಾ ಹುವಾ ಹೈ?" ಅಂದರು. ಆರಡಿ ಆಳು, ಮಿಲಿಟರಿ ಮೀಸೆ. ಭಾವ ಕಾಲರ್ ಹಿಡಿದರು. ಕಾಂದಿವಲಿ ದಾಟೋ ಹೊತ್ತಿಗೆ ಡಬ್ಬಿಯೆಲ್ಲ ಒಂದು ಕಡೆ, ನಾವು ಮೂವರು ಒಂದು ಕಡೆ. ಅಕ್ಕ ಕೈ ಮುಗಿದು ಎಲ್ಲರಿಗೂ ಮರಾಠಿಯಲ್ಲಿ ಕ್ಷಮೆ ಕೇಳಿದಳು. ಕೇಳಬೇಕಾದವನು ನಾನು ಅಂತ ನನಗನ್ನಿಸಿತು, ಮೂರು ವರ್ಷದ "ಅಡ್ಜಸ್ಟ್ ಮಾಡ್ಕೋ"ಗೆ.

ಒಂದು ತಿಂಗಳಿಗೆ ಅಂತ ಬಂದವರು ವಾಪಸ್ ಹೋಗಲಿಲ್ಲ. ನಾನೇ ಬಿಡಲಿಲ್ಲ. ಪಕ್ಕದ ಬಿಲ್ಡಿಂಗ್‌ನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದೆವು. ಈಗ ನನ್ನ ಸರದಿ ಅಂತ ನಾನು ಒಂದು ಬೋರ್ಡ್ ಮಾಡಿದೆ. ನಿಮಗೆ ಗೊತ್ತಲ್ಲ ಯಾವ ಥರ ಬೋರ್ಡ್ ಅಂತ. (ನಗು) ಟು ಡೂ, ಇನ್ ಪ್ರೋಗ್ರೆಸ್, ಡನ್. ಬಣ್ಣಬಣ್ಣದ ಚೀಟಿ. ಹಲ್ಲುಜ್ಜೋದು ಒಂದು ಟಿಕೆಟ್. ಭಾವ ಎರಡು ದಿನ ನೋಡಿದರು, ಮೂರನೇ ದಿನ ಕಿತ್ತು ಕಸದ ಬುಟ್ಟಿಗೆ ಹಾಕಿದರು.

ಅಕ್ಕ ಏನೂ ಮಾತಾಡದೆ ದತ್ತಪಾಡಾ ರೋಡಿಗೆ ಹೋಗಿ ಮಕ್ಕಳ ಕಪ್ಪು ಹಲಗೆ ತಂದಳು. ಮೇಲೆ ಬರೆದಳು, 0530 ಉಠನಾ. 0600 ಪಿ.ಟಿ. 0700 ಚಹಾ. 0730 ಶೇವಿಂಗ್. ಪಲ್ಟನ್ ಭಾಷೆಯಲ್ಲೇ, ಪಲ್ಟನ್ ಟೈಮಲ್ಲೇ. ಭಾವ ಅದನ್ನ ನೋಡಿ ಎದ್ದು ಹೋಗಿ ಶೇವಿಂಗ್ ಮಾಡಿಕೊಂಡು ಬಂದರು. ನಾಲ್ಕು ವರ್ಷದಲ್ಲಿ ಹೇಳದೆ ಮಾಡಿದ ಮೊದಲ ಶೇವಿಂಗ್. ಹೊಸದನ್ನ ನೆನಪಿಡೋ ಶಕ್ತಿ ಹೋದರೂ ಮೈಗೆ ಅಭ್ಯಾಸವಾದದ್ದು ಬಹಳ ಸಲ ಉಳಿದಿರುತ್ತೆ ಅಂತ ನ್ಯೂರೋಸೈಕಾಲಜಿಸ್ಟ್ ಆಮೇಲೆ ಹೇಳಿದರು. ಅಕ್ಕ ಅದನ್ನ ಓದಿರಲಿಲ್ಲ. ಆ ಮನುಷ್ಯನ ಜೊತೆ ಸಂಸಾರ ಮಾಡಿದ್ದಳು ಅಷ್ಟೇ.

ಅಮೆರಿಕದಲ್ಲಿ ಇರಾಕ್, ಅಫ್ಘಾನಿಸ್ತಾನದಿಂದ ತಲೆಗೆ ಪೆಟ್ಟಾಗಿ ಬಂದವರು ಬಹಳ. 2010ರಲ್ಲಿ ಅಲ್ಲಿ ಒಂದು ಕಾನೂನು ಮಾಡಿ, ಮನೆಯಲ್ಲಿ ನೋಡಿಕೊಳ್ಳೋ ಹೆಂಡತಿಗೋ ತಾಯಿಗೋ ತಿಂಗಳ ಭತ್ಯೆ, ತರಬೇತಿ ಕೊಡೋಕೆ ಶುರು ಮಾಡಿದರು. ಅಲ್ಲಿನ ಡೆಬೊರಾ ಪರ್ಲಿಕ್ ತಂಡ ಇನ್ನೊಂದು ಪ್ರಯೋಗ ಮಾಡಿತು. ಹಲವು ಕುಟುಂಬಗಳನ್ನ ಒಂದೇ ಕೋಣೆಯಲ್ಲಿ ಎರಡು ವಾರಕ್ಕೊಮ್ಮೆ ಕೂರಿಸೋದು, ಗಾಯಾಳು, ಸಂಗಾತಿ ಇಬ್ಬರೂ. ಒಂದು ಸಲಕ್ಕೆ ಒಂದೇ ಸಮಸ್ಯೆ. ಎಲ್ಲರೂ ಉಪಾಯ ಹೇಳ್ತಾರೆ, ಸಮಸ್ಯೆ ಇರೋರು ಒಂದು ಆರಿಸ್ತಾರೆ, ಮನೆಗೆ ಹೋಗಿ ಮಾಡಿ ನೋಡ್ತಾರೆ. 2013ರಲ್ಲಿ ಬಂದ ವರದಿ ಪ್ರಕಾರ ಸಿಟ್ಟು ತೋರಿಸೋದು ಕಡಿಮೆಯಾಯಿತು, ಮನೆಯವರ ಹೊರೆ ಇಳಿಯಿತು. ಬಹಳ ಚಿಕ್ಕ ಅಧ್ಯಯನ, ಅದನ್ನೂ ಹೇಳಬೇಕು.

ಓದಿದಾಗ ನನಗೆ ಅನ್ನಿಸಿದ್ದು, ಇದು ನಮ್ಮದೇ ಅಲ್ಲವಾ? 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನ ಅಲ್ಲೇ ಇರಿಸಿಕೊಂಡರು. ಮನೆಯವರು ಒಬ್ಬರಿಂದೊಬ್ಬರು ಕಲಿತರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇವತ್ತಿಗೂ ರೋಗಿ ಜೊತೆ ಮನೆಯವರು ಇರೋದು ಮಾಮೂಲು. ತಲೆಗೆ ಪೆಟ್ಟಾದವರಿಗೆ ಮನೆಯಲ್ಲೇ ಮಾಡಿಸೋ ಗಮನ, ನೆನಪಿನ ಅಭ್ಯಾಸಗಳನ್ನೂ ಅಲ್ಲಿನವರು ರೂಪಿಸಿದ್ದಾರೆ.

ಹಾಗಾಗಿ ನಾವೂ ಶುರು ಮಾಡಿದೆವು. ಹೆಸರಿಲ್ಲ, ರಿಜಿಸ್ಟ್ರೇಷನ್ ಇಲ್ಲ, ವಾಟ್ಸಾಪ್ ಗ್ರೂಪ್ ಮಾತ್ರ ಇದೆ. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕ್‌ನಲ್ಲಿ, ಗೇಟಿನಿಂದ ಸ್ವಲ್ಪ ಒಳಗೆ. ಮೂರು ಕುಟುಂಬ: ನಾವು, ಕಾಂದಿವಲಿಯ ಒಬ್ಬ ನೇವಿ ಮನುಷ್ಯ ಮತ್ತು ಅವರ ಹೆಂಡತಿ, ದಹಿಸರ್‌ನ ಒಬ್ಬ ಹುಡುಗ. ಆ ಹುಡುಗ ಸೈನಿಕನಲ್ಲ, ಹೈವೇಯಲ್ಲಿ ಬೈಕಿನಿಂದ ಬಿದ್ದವನು. ಅವನನ್ನ ಸೇರಿಸಿಕೊಳ್ಳೋದೋ ಬೇಡವೋ ಅಂತ ನಾನು ಯೋಚಿಸ್ತಿದ್ದಾಗ ಭಾವ "ತಲಿ ಎಲ್ಲಾರದೂ ಒಂದ" ಅಂದರು. ಮುಗೀತು.

ಮೊದಮೊದಲು ನಾನು ಅಜೆಂಡಾ ಹಿಡಿದು ಕೂರ್ತಿದ್ದೆ. ಈಗ ಬುತ್ತಿ ಹಿಡಿದು ಹೋಗ್ತೀನಿ. ಹೆಂಗಸರು ಒಂದು ಕಡೆ ನಡೀತಾರೆ, ನಾವು ಒಂದು ಕಡೆ. ಅವರ ಮಾತು ನನಗೆ ಎಲ್ಲ ತಿಳಿಯಲ್ಲ, ತಿಳೀಬೇಕಾಗೂ ಇಲ್ಲ. ಗಂಡ ಮಗುವಿನ ಹಾಗಾದರೆ ಹೆಂಡತಿ ಹೆಂಡತಿಯಾಗಿ ಹೇಗಿರೋದು ಅನ್ನೋದನ್ನ ಅಕ್ಕ ತಮ್ಮನ ಹತ್ತಿರ ಹೇಳೋಕಾಗುತ್ತಾ? ಒಂದು ವಿಷಯ ಮಾತ್ರ ಆ ನೇವಿಯವರ ಹೆಂಡತಿ ನನಗೆ ಹೇಳಿದರು. 2020ರಲ್ಲಿ ಅಕ್ಕ ಮಗಳನ್ನ ಕರಕೊಂಡು ಮನೆ ಬಿಡೋಕೆ ಚೀಲ ಕಟ್ಟಿದ್ದಳಂತೆ. ಬೈಲಹೊಂಗಲ ಬಸ್ ಸ್ಟ್ಯಾಂಡ್‌ವರೆಗೆ ಬಂದು, ನನಗೆ ಫೋನ್ ಮಾಡಿದಳಂತೆ. ನಾನು ಮೀಟಿಂಗ್‌ನಲ್ಲಿದ್ದೆ. ಆಮೇಲೆ ಮಾಡ್ತೀನಿ ಅಂತ ಮೆಸೇಜ್ ಹಾಕಿದ್ದೆ. ಮಾಡಿದೆನೋ ಇಲ್ಲವೋ ನನಗೆ ನೆನಪಿಲ್ಲ. ಅವಳನ್ನ ಕೇಳೋ ಧೈರ್ಯ ಇನ್ನೂ ಬಂದಿಲ್ಲ. ಈ ವಿಡಿಯೋ ಅವಳು ನೋಡ್ತಾಳೆ, ಹಾಗಾಗಿ ಈಗ ಕೇಳಿದ ಹಾಗಾಯಿತು.

ಇನ್ನೊಂದೇ ಕಾಗದದ ಮಾತು. ಪೆನ್ಷನ್ ಖಾತೆಯನ್ನ ಗಂಡ ಹೆಂಡತಿ ಜಂಟಿಯಾಗಿ ಇಟ್ಟುಕೊಳ್ಳಬಹುದು, ಇಟ್ಟುಕೊಳ್ಳಿ. ಮನುಷ್ಯ ಕೋಮಾಗೆ ಹೋದ ಮೇಲೆ ಅವನ ಒಂಟಿ ಖಾತೆಯಿಂದ ದುಡ್ಡು ತೆಗೆಯೋಕೆ ಹೆಂಡತಿಯರು ಬಾಂಬೆ ಹೈಕೋರ್ಟಿಗೆ ಹೋಗಿ ಗಾರ್ಡಿಯನ್ ಆಗಬೇಕಾಗಿ ಬಂದ ಕೇಸುಗಳಿವೆ. 1999ರ ನ್ಯಾಷನಲ್ ಟ್ರಸ್ಟ್ ಕಾನೂನು ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ನಾಲ್ಕು ಸ್ಥಿತಿಗಳಿಗೆ ಮಾತ್ರ. ಇವತ್ತೇ ಮನೆಗೆ ಫೋನ್ ಮಾಡಿ ಅಪ್ಪ ಅಮ್ಮಂದನ್ನೂ ನೋಡಿಬಿಡಿ.

ಹೋದ ತಿಂಗಳು ಭಾವ ಗುಂಪಿನಲ್ಲಿ ತಮ್ಮದೇ ಸಮಸ್ಯೆ ಇಟ್ಟರು, ಮೊದಲ ಸಲ. "ನಾ ಒಬ್ಬನ ಲೋಕಲ್‌ನ್ಯಾಗ ಹೋಗಬೇಕು." ಅಕ್ಕ ಬೇಡವೇ ಬೇಡ ಅಂದಳು. ಒಂದು ಗಂಟೆ ಚರ್ಚೆ. ದಹಿಸರ್ ಹುಡುಗ ಹೇಳಿದ ಉಪಾಯ ಆರಿಸಿದರು: ಬೊರಿವಲಿಯಿಂದ ಕಾಂದಿವಲಿ, ಒಂದೇ ಸ್ಟೇಷನ್, ಸ್ಲೋ ಗಾಡಿ. ಆ ಕಡೆ ನೇವಿಯವರು ಕಾಯ್ತಾರೆ. ಜೇಬಿನಲ್ಲಿ ನಾಲ್ಕು ನಂಬರ್ ಬರೆದ ಕಾರ್ಡ್.

ಭಾವ ಹತ್ತಿದ್ದು ಫಾಸ್ಟ್ ಗಾಡಿ. ಕಾಂದಿವಲಿ ಕಣ್ಣೆದುರಿಗೇ ಹೋಯಿತು, ಮಾಲಾಡ್ ಹೋಯಿತು, ಗೋರೆಗಾಂವ್ ಹೋಯಿತು. ಅಂಧೇರಿಯಲ್ಲಿ ಇಳಿದರು. ನಲವತ್ತು ನಿಮಿಷ ಅಕ್ಕ ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ನನ್ನ ಕೈ ಹಿಡಿದು ಕೂತಿದ್ದಳು, ನನ್ನ ಬೆರಳು ನೋಯೋ ಹಾಗೆ. ಆಮೇಲೆ ಯಾರದೋ ಫೋನ್‌ನಿಂದ ಕರೆ ಬಂತು. ಭಾವ. ಸಿಟ್ಟಿಲ್ಲ, ಗಾಬರಿ ಇಲ್ಲ. "ಗಾಡಿ ತಪ್ಪೈತಿ. ನಾ ಇಲ್ಲೇ ನಿಂತೀನಿ. ಯಾರರೆ ಬರ್ರಿ" ಅಂದರು. ತಪ್ಪಾಗಿದೆ ಅಂತ ಅವರು ಹೇಳಿದ್ದು ಅವತ್ತೇ.

ಬರೋ ಭಾನುವಾರ ಮತ್ತೆ ಕಾಂದಿವಲಿ. ಸ್ಲೋ ಗಾಡಿ ಯಾವ ಪ್ಲಾಟ್‌ಫಾರ್ಮ್‌ಗೆ ಬರುತ್ತೆ ಅಂತ ಅಕ್ಕ ಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದಾಳೆ, 0915 ಅಂತ ಟೈಮ್ ಹಾಕಿ.