ತಂಡದ ಆಯ್ಕೆಯೂ ಅಂಗಲಾಘವವೂ



ರಾಷ್ಟ್ರದ ತಂಡಕ್ಕೆ ಆಟಗಾರರನ್ನು ಆರಿಸುವಾಗ ಇಬ್ಬರಲ್ಲಿ ಯಾರು ಮೇಲೆಂಬ ಪ್ರಶ್ನೆ ಏಳುವುದು ಸಹಜ. ಗಡಿಯಾರ ಹಿಡಿದು 100 ಮೀಟರು ಓಡಿಸಿದರೆ ತೀರ್ಪು ಸಿಕ್ಕಿತೆಂದು ತಿಳಿಯುತ್ತೇವೆ. ನಾವು ಮೋಸಹೋಗುವುದು ಅಲ್ಲಿಯೇ.

ಖೋ ಖೋ ಆಟವನ್ನೇ ನೋಡೋಣ. ಬೆನ್ನಟ್ಟುವವನು ಒಮ್ಮೆ ಹಿಡಿದ ದಿಕ್ಕನ್ನು ಕಂಬದವರೆಗೆ ಬದಲಿಸುವಂತಿಲ್ಲ; ಕುಳಿತವರ ಸಾಲನ್ನು ನಡುವೆ ದಾಟುವಂತಿಲ್ಲ. ತಪ್ಪಿಸಿಕೊಳ್ಳುವವನಿಗೆ ಈ ಕಟ್ಟುಗಳಿಲ್ಲ. ಆದಕಾರಣ ಮೊದಲನೆಯವನಿಗೆ ಕುಳಿತಲ್ಲಿಂದ ಸಿಡಿದೇಳುವ ತೊಡೆಯ ಬಲವೂ ಕಂಬದ ಬಳಿ ಮೈಚೆಲ್ಲುವ ಧೈರ್ಯವೂ ಬೇಕು. ಎರಡನೆಯವನಿಗೆ ಥಟ್ಟನೆ ತಿರುಗುವ ಲಾಘವವೂ ದಣಿಯದ ಉಸಿರೂ ಬೇಕು. ರಗ್ಬಿಯಲ್ಲಿಯೂ ಹೀಗೆಯೇ: ಮುಂದಿನ ಸಾಲಿನಲ್ಲಿ ಹೆಗಲುಕೊಟ್ಟು ನೂಕುವವನನ್ನೂ ಅಂಚಿನಲ್ಲಿ ಚೆಂಡು ಹಿಡಿದು ಓಡುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾದೀತೆ?

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೋ ಖೋ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಗೆದ್ದರು. ಆ ತಂಡದಲ್ಲಿ ತಿರುಮಕೂಡಲು ನರಸೀಪುರ ಸೀಮೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಅವರಿದ್ದ ಗುಂಪು ಐದು ನಿಮಿಷಕ್ಕೂ ಮಿಕ್ಕಿ ಎದುರಾಳಿಗಳನ್ನು ಕಾಡಿತು. ಇಂಥ ಸಾಮರ್ಥ್ಯ ನೇರ ಓಟದ ಲೆಕ್ಕದಲ್ಲಿ ಕಾಣುವುದೇ?

ಯಾದಗಿರಿಯ ನೆರೆಯ ಮುದನಾಳದಂತಹ ಊರಿನ ಬಯಲಿನಲ್ಲಿ ಆಡಿ ಬೆಳೆದ ಹುಡುಗಿಯೊಬ್ಬಳು ಗಡಿಯಾರದೆದುರು ಹಿಂದೆ ಬಿದ್ದಾಳು. ಅಷ್ಟರಿಂದಲೇ ಅವಳನ್ನು ಮನೆಗೆ ಕಳುಹಿಸಿದರೆ ನಷ್ಟ ಅವಳೊಬ್ಬಳದಲ್ಲ, ತಂಡದ್ದೂ ಹೌದು. ಆರಿಸುವವರು ಮೊದಲು ಆಡಿಸಿ ನೋಡಲಿ. ಯಾರು ಯಾವ ಕೆಲಸಕ್ಕೆ ಬೇಕೆಂಬುದನ್ನು ನಿಶ್ಚಯಿಸಲಿ. ಗಡಿಯಾರದ ಸಾಕ್ಷ್ಯವನ್ನು ಆಮೇಲೆ ಕೇಳಲಿ.